ಕೋಳಿ ಕೂಗುವ ಮುನ್ನ: ದೈವದ ಪೂರ್ವಜ್ಞಾನ ಮತ್ತು ಪೇತ್ರನ ಕಣ್ಣೀರು

ಯೇಸುವಿನ ಜನನದ ಕಥೆಯನ್ನು ನಾಲ್ಕು ಸುವಾರ್ತೆಗಳಲ್ಲಿ ಎರಡು ಮಾತ್ರ ಹೇಳುತ್ತವೆ. ಪೇತ್ರನು ತನ್ನ ಗುರುವನ್ನು ತಾನರಿಯೆನೆಂದು ಅಲ್ಲಗಳೆದ ಕಥೆಯನ್ನು ನಾಲ್ಕೂ ಹೇಳುತ್ತವೆ. ತನ್ನ ಅಗ್ರಗಣ್ಯ ಶಿಷ್ಯನ ಹೇಡಿತನವನ್ನು ಒಂದು ಧರ್ಮಸಮುದಾಯವು ಮುಚ್ಚಿಡದೆ ನಾಲ್ಕು ಕಡೆ ಬರೆದಿಟ್ಟುಕೊಂಡುದು ಸಾಮಾನ್ಯ ಸಂಗತಿಯಲ್ಲ. ಕಡೆಯ ಭೋಜನದ ರಾತ್ರಿ, ಉಳಿದವರೆಲ್ಲ ಬಿಟ್ಟುಹೋದರೂ ತಾನು ಬಿಡುವವನಲ್ಲವೆಂದು, ಸೆರೆಗಾದರೂ ಸಾವಿಗಾದರೂ ಜೊತೆಗೆ ಬರುವವನೆಂದು ಪೇತ್ರನು ಎದೆತಟ್ಟಿ ಹೇಳುತ್ತಾನೆ. ಕೋಳಿ ಕೂಗುವ ಮುನ್ನವೇ ಅವನು ಮೂರು ಸಲ ತನ್ನನ್ನು ಅಲ್ಲಗಳೆಯಲಿರುವನೆಂದು ಯೇಸು ತಿಳಿಸುತ್ತಾನೆ. ಕೆಲವು ಗಂಟೆಗಳು ಕಳೆಯುವುದರೊಳಗೆ, ಮಹಾಯಾಜಕನ ಮನೆಯ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಜನರ ನಡುವೆ, ಒಬ್ಬ ದಾಸಿಯ ಮಾತಿಗೆ ಹೆದರಿ ಪೇತ್ರನು ಮೊದಲ ಸಲ ಸುಳ್ಳಾಡುತ್ತಾನೆ. ಆಮೇಲೆ ಇನ್ನೆರಡು ಸಲ. ಮತ್ತಾಯನ ಸುವಾರ್ತೆಯ ಪ್ರಕಾರ ಅವನ ಗುಟ್ಟನ್ನು ಬಿಟ್ಟುಕೊಟ್ಟದ್ದು ಅವನ ನುಡಿಯ ಧಾಟಿ. ಗಲಿಲಾಯದವನ ಮಾತು ಯೆರೂಸಲೇಮಿನವರ ಕಿವಿಗೆ ಕೂಡಲೇ ಗುರುತು ಸಿಕ್ಕಿತು. (ಸ್ವಂತ ಪ್ರಾಂತವನ್ನು ಬಿಟ್ಟು ಪರಭಾಷೆಯ ಊರಿನಲ್ಲಿ ಬಾಳುವವರಿಗೆ ಈ ವಿವರ ವಿಶೇಷವಾಗಿ ಅರ್ಥವಾದೀತು.) ಕೋಳಿ ಕೂಗುತ್ತದೆ. ಪೇತ್ರನಿಗೆ ಗುರುವಿನ ಮಾತು ನೆನಪಾಗುತ್ತದೆ. ಅವನು ಅಂಗಳದಿಂದ ಹೊರಬಿದ್ದು ಬಿಕ್ಕಿ ಬಿಕ್ಕಿ ಅಳುತ್ತಾನೆ.

ಕ್ರೈಸ್ತ ದೈವಶಾಸ್ತ್ರದಲ್ಲಿ ಹದಿನೆಂಟು ಶತಮಾನಗಳಿಂದ ನಡೆದುಬಂದಿರುವ ಒಂದು ಜಿಜ್ಞಾಸೆಯ ತಿರುಳೆಲ್ಲ ಈ ಅಳುವಿನಲ್ಲಿದೆ. ದೇವರು ಸರ್ವಜ್ಞನಾದರೆ ಆತನಿಗೆ ನಾಳೆಯು ನಿನ್ನೆಯಷ್ಟೇ ಸ್ಪಷ್ಟ. ಆತನ ಅರಿವು ತಪ್ಪುವಂಥದಲ್ಲ. ಹಾಗಿದ್ದಲ್ಲಿ ಆ ರಾತ್ರಿ ಪೇತ್ರನು ಧೈರ್ಯ ತಂದುಕೊಂಡು ಸತ್ಯವನ್ನು ನುಡಿಯುವುದು ಸಾಧ್ಯವಿತ್ತೆ? ಸಾಧ್ಯವಿತ್ತೆಂದರೆ ದೈವದ ಅರಿವು ಸುಳ್ಳಾಗಬಹುದಿತ್ತೆಂದು ಒಪ್ಪಿದಂತಾಗುತ್ತದೆ. ಸಾಧ್ಯವಿರಲಿಲ್ಲವೆಂದರೆ ಪೇತ್ರನು ಅತ್ತದ್ದೇಕೆ? ಬೇರೆ ದಾರಿಯೇ ಇಲ್ಲದೆ ನಡೆದುಹೋದುದಕ್ಕೆ ಮನುಷ್ಯನು ದುಃಖಿಸಬಲ್ಲ, ಪಶ್ಚಾತ್ತಾಪಪಡಲಾರ. ಕಾಲು ಜಾರಿ ಬಾವಿಗೆ ಬಿದ್ದವನು ನೋವಿನಿಂದ ನರಳುತ್ತಾನೆ. ತಾನು ಬಿದ್ದುದು ಪಾಪವೆಂದು ಮರುಗುವುದಿಲ್ಲ. ಪಾಪ, ಪಶ್ಚಾತ್ತಾಪ, ಕ್ಷಮೆ, ಅಂತಿಮ ನ್ಯಾಯತೀರ್ಪು, ಕ್ರೈಸ್ತಧರ್ಮದ ಈ ಎಲ್ಲ ಪರಿಕಲ್ಪನೆಗಳೂ ಮನುಷ್ಯನು ಬೇರೆ ರೀತಿಯಲ್ಲಿ ನಡೆದುಕೊಳ್ಳಬಹುದಾಗಿತ್ತೆಂಬ ನಂಬಿಕೆಯ ಮೇಲೆ ನಿಂತಿವೆ. ಆದಕಾರಣ ಇದು ಪಂಡಿತರ ಬಿಡುವೇಳೆಯ ತರ್ಕವಿಲಾಸವಲ್ಲ. ಇಲ್ಲಿ ಸೋತರೆ ಆ ಧರ್ಮವು ಪೇತ್ರನ ಕಣ್ಣೀರಿಗೆ ಅರ್ಥ ಹೇಳುವ ಅಧಿಕಾರವನ್ನೇ ಕಳೆದುಕೊಳ್ಳುತ್ತದೆ.

ಈ ಜಿಜ್ಞಾಸೆಯಲ್ಲಿ ಒಂದು ಗೊಂದಲವು ಮೊದಲಿನಿಂದಲೂ ಬೆರೆತುಬಂದಿದೆ. ದೇವರು ಮುಂದಾಗುವುದನ್ನು ಬಲ್ಲನೆಂಬುದು ಒಂದು ಪ್ರಶ್ನೆ. ಬಲ್ಲವನಾಗಿಯೂ ಅಂಥವನನ್ನು ಸೃಷ್ಟಿಸಿದನೆಂಬುದು ಇನ್ನೊಂದು. ಮೊದಲನೆಯದಕ್ಕೆ ಸಮರ್ಪಕವಾದ ಉತ್ತರವಿದೆ. ಅದು ಬಹು ಹಿಂದೆಯೇ ದೊರಕಿದೆ ಕೂಡ. ಆ ಉತ್ತರವನ್ನೇ ಎರಡನೆಯದಕ್ಕೂ ಹೊದಿಸಲು ಹೋದುದರಿಂದ ಅನೇಕ ಸಮರ್ಥ ವಿಚಾರಗಳು ದುರ್ಬಲವಾಗಿ ಕಾಣುತ್ತವೆ.

ಮೊದಲ ಪ್ರಶ್ನೆಯನ್ನು ಹರಿತವಾಗಿ ಎತ್ತಿದವನು ಕ್ರೈಸ್ತನಲ್ಲ, ಕ್ರೈಸ್ತರ ವಿರೋಧಿ. ಎರಡನೆಯ ಶತಮಾನದ ಗ್ರೀಕ್ ಚಿಂತಕ ಸೆಲ್ಸಸ್ ಬರೆದ ಖಂಡನಗ್ರಂಥವು ಉಳಿದುಬಂದಿಲ್ಲ, ಸುಮಾರು ಕ್ರಿ.ಶ. ೨೪೮ರಲ್ಲಿ ಆರಿಜೆನ್ ಅದಕ್ಕೆ ಬರೆದ ಉತ್ತರದಲ್ಲಿ ಅದರ ಮಾತುಗಳು ಸಿಗುತ್ತವೆ. ಖಂಡಿಸಲೆಂದು ಎತ್ತಿಕೊಂಡವನೇ ಎದುರಾಳಿಯನ್ನು ಉಳಿಸಿದ್ದು ವಾಙ್ಮಯದ ಇತಿಹಾಸದಲ್ಲಿ ಹೊಸದೇನಲ್ಲ. ಯೇಸು ದೇವರಾಗಿದ್ದು ತನ್ನ ಶಿಷ್ಯರ ದ್ರೋಹವನ್ನು ಮುಂಚಿತವಾಗಿ ನುಡಿದಿದ್ದರೆ ಅದು ನಡೆದೇ ತೀರಬೇಕು; ಆದ್ದರಿಂದ ತನ್ನ ಪಂಕ್ತಿಯಲ್ಲಿ ಉಂಡವರನ್ನು ದ್ರೋಹಿಗಳನ್ನಾಗಿ ಮಾಡಿದವನು ಆತನೇ ಎಂಬುದು ಸೆಲ್ಸಸ್‌ನ ಆಕ್ಷೇಪ. ಆರಿಜೆನ್ ಈ ವಾದವನ್ನು ತಲೆಕೆಳಗು ಮಾಡುತ್ತಾನೆ. ನುಡಿದುದರಿಂದ ನಡೆಯಿತೆಂಬುದು ತಪ್ಪು. ನಡೆಯಲಿದ್ದುದರಿಂದ ನುಡಿಯುವುದು ಸಾಧ್ಯವಾಯಿತು. ಘಟನೆಯು ಅರಿವಿಗೆ ಆಧಾರ, ಅರಿವು ಘಟನೆಗೆ ಕಾರಣವಲ್ಲ. ಮುಂದಿನ ಶತಮಾನಗಳಲ್ಲಿ ಈ ವಿಷಯದ ಮೇಲೆ ಬಂದ ಬೃಹತ್ ಗ್ರಂಥಗಳಲ್ಲಿ ಎಷ್ಟೋ ಈ ಒಂದು ತಿರುವಿನ ವಿಸ್ತರಣೆಗಳೇ ಆಗಿವೆ.

ಅಗಸ್ಟೀನ್ (೩೫೪-೪೩೦) ಇದಕ್ಕೆ ಒಂದು ಹೋಲಿಕೆಯನ್ನು ಒದಗಿಸಿದನು. ಇಚ್ಛಾಸ್ವಾತಂತ್ರ್ಯವನ್ನು ಕುರಿತ ತನ್ನ ಸಂವಾದದಲ್ಲಿ, ಗೆಳೆಯ ಎವೋದಿಯಸ್‌ನ ಸಂಶಯಕ್ಕೆ ಉತ್ತರವಾಗಿ, ಅವನು ನೆನಪಿನ ಕಡೆಗೆ ಬೆರಳು ತೋರಿಸುತ್ತಾನೆ. ಕಳೆದುಹೋದ ಸಂಗತಿಗಳನ್ನು ಮನುಷ್ಯನು ನೆನೆದಾಗ ಆ ನೆನಪು ಅವುಗಳನ್ನು ನಡೆಯುವಂತೆ ಬಲವಂತಪಡಿಸಿಲ್ಲ. ಹಾಗೆಯೇ ದೇವರ ಮುನ್ನರಿವು ಮುಂಬರುವ ಸಂಗತಿಗಳನ್ನು ಬಲವಂತಪಡಿಸುವುದಿಲ್ಲ. ರೋಮ್ ನಗರವು ೪೧೦ರಲ್ಲಿ ಕೊಳ್ಳೆಹೋದ ಮೇಲೆ ಬರೆದ ‘ದೇವರ ನಗರ’ದಲ್ಲಿ ಅವನು ಸಿಸೆರೋನನ್ನು ಎದುರುಹಾಕಿಕೊಳ್ಳುತ್ತಾನೆ. ಮನುಷ್ಯನ ಸ್ವಾತಂತ್ರ್ಯ ಉಳಿಯಬೇಕಾದರೆ ದೈವದ ಮುನ್ನರಿವನ್ನು ಕೈಬಿಡಬೇಕೆಂದು ಸಿಸೆರೋ ತಿಳಿದಿದ್ದನು. ಅಗಸ್ಟೀನ್‌ನ ದೃಷ್ಟಿಯಲ್ಲಿ ಅಂಥ ಆಯ್ಕೆಯೇ ಅನಾವಶ್ಯಕ. ದೇವರು ಅರಿತಿರುವುದು ಮನುಷ್ಯನ ಸಂಕಲ್ಪವನ್ನು. ಮನುಷ್ಯನ ಕೈಯಲ್ಲಿಲ್ಲದ್ದು ಸಂಕಲ್ಪವೇ ಅಲ್ಲ. ಆದ್ದರಿಂದ ದೈವದ ಅರಿವು ಸಂಕಲ್ಪದ ಸ್ವಾತಂತ್ರ್ಯವನ್ನು ಅಳಿಸದೆ, ಸ್ಥಿರಪಡಿಸುತ್ತದೆ. ಮುಂದೆ ಪೆಲಾಗಿಯಸ್‌ನೊಡನೆ ನಡೆದ ವಿವಾದದಲ್ಲಿ ಇದೇ ಅಗಸ್ಟೀನ್ ದೈವಕೃಪೆಗೆ ಎಷ್ಟು ಒತ್ತು ಕೊಟ್ಟನೆಂದರೆ, ನಂತರದ ಸಾವಿರ ವರ್ಷಗಳ ಜಗಳಗಳಲ್ಲಿ ಎರಡು ಕಕ್ಷಿಗಳೂ ಅವನನ್ನೇ ಸಾಕ್ಷಿಯಾಗಿ ಕರೆದವು.

ನೆನಪಿನ ಹೋಲಿಕೆ ಸುಂದರವಾದುದು, ಆದರೆ ಅದರಲ್ಲಿ ಒಂದು ಬಿರುಕಿದೆ. ನೆನಪು ಘಟನೆಯ ಆಮೇಲೆ ಬರುತ್ತದೆ, ಮುನ್ನರಿವು ಮೊದಲೇ ಬಂದು ಕುಳಿತಿರುತ್ತದೆ. ಈ ಬಿರುಕನ್ನು ಮುಚ್ಚಲು ಯತ್ನಿಸಿದವನು ಬೊಯೆಥಿಯಸ್. ಓಸ್ಟ್ರೊಗಾಥ್ ದೊರೆ ಥಿಯೊಡೊರಿಕ್‌ನ ಆಸ್ಥಾನದಲ್ಲಿ ಉನ್ನತ ಪದವಿಯಲ್ಲಿದ್ದ ಈ ವಿದ್ವಾಂಸ ರಾಜದ್ರೋಹದ ಆಪಾದನೆಗೆ ಗುರಿಯಾಗಿ ಸೆರೆ ಸೇರಿದನು. ಸುಮಾರು ೫೨೪ರಲ್ಲಿ ಅವನಿಗೆ ಮರಣದಂಡನೆಯಾಯಿತು. ಸಾವನ್ನು ಎದುರುನೋಡುತ್ತ ಬರೆದ ‘ತತ್ತ್ವಶಾಸ್ತ್ರದ ಸಾಂತ್ವನ’ದ ಐದನೆಯ ಹಾಗೂ ಕೊನೆಯ ಭಾಗದಲ್ಲಿ ಅವನು ಕೈಗೆತ್ತಿಕೊಂಡುದು ಈ ಪ್ರಶ್ನೆಯನ್ನೇ. ತನ್ನನ್ನು ಸೆರೆಗೆ ತಳ್ಳಿದವರ ಕೃತ್ಯವು ಮೊದಲೇ ಗೊತ್ತಾಗಿದ್ದ ನಾಟಕವಾಗಿದ್ದರೆ ಅವರನ್ನು ದೂಷಿಸುವಂತಿಲ್ಲ, ತನ್ನ ಪ್ರಾರ್ಥನೆಗೂ ಬೆಲೆಯಿಲ್ಲ. ಇಂಥ ಸ್ಥಿತಿಯಲ್ಲಿ ಹುಟ್ಟಿದ ತರ್ಕಕ್ಕೆ ಪಾಠಶಾಲೆಯ ತರ್ಕಕ್ಕಿಲ್ಲದ ಬಿಸಿ ಇರುವುದು ಸಹಜ.

ಬೊಯೆಥಿಯಸ್‌ನ ಉತ್ತರ ಕಾಲದ ಸ್ವರೂಪವನ್ನು ಅವಲಂಬಿಸಿದೆ. ಮನುಷ್ಯನು ಕಾಲದಲ್ಲಿ ಬಾಳುತ್ತಾನೆ. ನಿನ್ನೆಯನ್ನು ಕಳೆದುಕೊಂಡಿದ್ದಾನೆ, ನಾಳೆಯನ್ನು ಇನ್ನೂ ಪಡೆದಿಲ್ಲ. ದೇವರ ನಿತ್ಯತೆಯೆಂದರೆ ಬಹು ದೀರ್ಘವಾದ ಕಾಲವಲ್ಲ; ಎಲ್ಲವನ್ನೂ ಒಮ್ಮೆಲೇ ಹೊಂದಿರುವ, ಹಿಂದುಮುಂದುಗಳಿಲ್ಲದ ಬಾಳು. ಆದ್ದರಿಂದ ದೇವರು ಯಾವುದನ್ನೂ ‘ಮುಂಚಿತವಾಗಿ’ ಕಾಣುವುದಿಲ್ಲ, ಸುಮ್ಮನೆ ಕಾಣುತ್ತಾನೆ. ಆಕಾಶದಲ್ಲಿ ಸೂರ್ಯನು ಏಳುವುದನ್ನೂ ನೆಲದ ಮೇಲೆ ಒಬ್ಬನು ನಡೆಯುವುದನ್ನೂ ನೋಡುಗನು ಒಂದೇ ನೋಟದಲ್ಲಿ ಕಾಣಬಹುದು. ಸೂರ್ಯೋದಯವು ಅನಿವಾರ್ಯ, ನಡಿಗೆಯು ಸ್ವೇಚ್ಛೆಯದು. ನೋಡುಗನ ನೋಟವು ಈ ವ್ಯತ್ಯಾಸವನ್ನು ಅಳಿಸುವುದಿಲ್ಲ. ನಡೆಯುತ್ತಿರುವುದನ್ನು ಕಂಡ ಮೇಲೆ ಅವನು ನಡೆಯುತ್ತಿರಲೇಬೇಕು, ಸರಿ. ಆದರೆ ಅವನನ್ನು ನಡೆಸುತ್ತಿರುವುದು ಆ ನೋಟವಲ್ಲ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವೈನಾಸ್ ಇದನ್ನೇ ಎತ್ತರದ ಮೇಲಿನಿಂದ ದಾರಿಯನ್ನು ನೋಡುವವನ ಹೋಲಿಕೆಯಿಂದ ವಿವರಿಸಿದನು. ದಾರಿಯಲ್ಲಿ ನಡೆಯುವವನಿಗೆ ಹಿಂದೆ ಬರುವವರು ಕಾಣುವುದಿಲ್ಲ. ಎತ್ತರದಲ್ಲಿ ನಿಂತವನಿಗೆ ಇಡೀ ದಾರಿಯ ಪಥಿಕರು ಒಟ್ಟಿಗೆ ಕಾಣುತ್ತಾರೆ.

ಆರಿಜೆನ್ ಮತ್ತು ಬೊಯೆಥಿಯಸ್‌ರನ್ನು ಕೂಡಿಸಿ ನೋಡಿದರೆ ಮೊದಲ ಪ್ರಶ್ನೆಯು ಬಹುಮಟ್ಟಿಗೆ ಬಗೆಹರಿಯುತ್ತದೆ. ಬಹುಮಟ್ಟಿಗೆ ಎನ್ನಲು ಕಾರಣವಿದೆ. ನಿತ್ಯತೆಯ ಎತ್ತರದಲ್ಲಿ ದೇವರು ಮೌನವಾಗಿ ನೋಡುತ್ತಿದ್ದರೆ ಯಾವ ತೊಡಕೂ ಇಲ್ಲ. ಆದರೆ ಪೇತ್ರನ ಪ್ರಸಂಗದಲ್ಲಿ ಆ ಅರಿವು ಮಾತಾಗಿ ಭೂಮಿಗಿಳಿದಿದೆ. ಅದನ್ನು ನುಡಿದದ್ದು ಒಂದು ನಿರ್ದಿಷ್ಟ ಊಟದ ಪಂಕ್ತಿಯಲ್ಲಿ, ಒಂದು ನಿರ್ದಿಷ್ಟ ರಾತ್ರಿಯಲ್ಲಿ, ಅಲ್ಲಗಳೆಯುವುದಕ್ಕೆ ಕೆಲವು ಗಂಟೆಗಳ ಮುಂಚೆ. ಕೋಳಿ ಕೂಗುವ ಹೊತ್ತಿಗೆ ಆ ಮಾತು ಗತಿಸಿದ ಸಂಗತಿಯಾಗಿತ್ತು, ಹನ್ನೊಂದು ಜನರ ಕಿವಿಯಲ್ಲಿ ಸೇರಿಹೋಗಿತ್ತು. ಗತಿಸಿದ್ದನ್ನು ಯಾರೂ ಬದಲಿಸಲಾರರು. ಭವಿಷ್ಯವಾಣಿಯುಳ್ಳ ಧರ್ಮಕ್ಕೆ ಎತ್ತರದ ನೋಟದ ಹೋಲಿಕೆಯೊಂದೇ ಸಾಲದು.

ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಫ್ರಾನ್ಸಿಸ್ಕನ್ ಸಂನ್ಯಾಸಿ ಆಕ್ಕಮ್‌ನ ವಿಲಿಯಂ ಇಲ್ಲಿ ನೆರವಿಗೆ ಬರುತ್ತಾನೆ. ಭೂತಕಾಲದ ವಾಕ್ಯಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ವಾಕ್ಯರಚನೆಯಲ್ಲಿ ಮಾತ್ರ ಭೂತ, ಅವುಗಳ ಸತ್ಯವು ಇನ್ನೂ ಬರಲಿರುವ ಘಟನೆಯನ್ನು ನಂಬಿಕೊಂಡಿರುತ್ತದೆ ಎಂಬುದು ಅವನ ವಿವೇಚನೆ. ವ್ಯಾಕರಣವನ್ನು ಬಲ್ಲವರಿಗೆ ಇದು ಹಿಡಿಸುವ ವಾದ. ಒಬ್ಬ ಬಾಲಕನನ್ನು ತೋರಿಸಿ ‘ಇವನು ಹುಟ್ಟಿದ್ದು ಮುಂದೆ ಕವಿಯಾಗುವುದಕ್ಕೆ ನಲವತ್ತು ವರ್ಷ ಮೊದಲು’ ಎಂದರೆ ಕ್ರಿಯಾಪದ ಭೂತಕಾಲದ್ದಾದರೂ ಅದರ ಸತ್ಯ ಮುಂದಿನದು. ದೇವರ ಮುನ್ನರಿವನ್ನು ಹೇಳುವ ವಾಕ್ಯಗಳು ಈ ಜಾತಿಯವು. ಆದರೆ ಗಾಳಿಯಲ್ಲಿ ಹೊಮ್ಮಿದ ಶಬ್ದ ಮಾತ್ರ ಅಪ್ಪಟ ಭೂತಕಾಲದ್ದೇ. ಅನೇಕ ಭವಿಷ್ಯವಾಣಿಗಳು ಒಳಗೊಳಗೇ ಷರತ್ತಿಗೊಳಪಟ್ಟವೆಂದು ಆಕ್ಕಮ್ ಹೇಳಿ ಪಾರಾಗಲೆತ್ನಿಸುತ್ತಾನೆ. ಯೋನನ ಗ್ರಂಥದಲ್ಲಿ ನಿನೆವೆ ಪಟ್ಟಣವು ನಲವತ್ತು ದಿನಗಳಲ್ಲಿ ಕೆಡವಲ್ಪಡುವುದೆಂದು ಸಾರಿದ ಮೇಲೂ ಜನರು ಪಶ್ಚಾತ್ತಾಪಪಟ್ಟುದರಿಂದ ಅದು ಉಳಿಯಿತು, ನಿಜ. ಯೋನನಿಗೆ ಅದರಿಂದ ಸಿಟ್ಟೇ ಬಂದಿತು. ಪೇತ್ರನಿಗೆ ಹೇಳಿದ ಮಾತಿನಲ್ಲಿ ಅಂಥ ಷರತ್ತು ಕಾಣುವುದಿಲ್ಲ.

ಈ ತೊಡಕಿಗೆ ಪರಿಹಾರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ಕಥೆಯಲ್ಲಿಯೇ ಹುಡುಕುವುದು ಲೇಸು. ಅದಕ್ಕೆ ಮೊದಲು ಎರಡನೆಯ ಪ್ರಶ್ನೆಯನ್ನು ಎದುರಿಸಬೇಕು. ಅದನ್ನು ಮೊದಲನೆಯದರಿಂದ ಬಿಡಿಸಿ ತೋರಿಸಿದ ಕೀರ್ತಿ ಇಟಲಿಯ ಮಾನವತಾವಾದಿ ಲೊರೆಂಜೊ ವಲ್ಲಾನದು. ಕಾನ್‌ಸ್ಟಂಟೈನ್ ಚಕ್ರವರ್ತಿಯದೆನ್ನಲಾದ ದಾನಪತ್ರವು ಕೃತಕವೆಂದು ಭಾಷಾಪ್ರಮಾಣಗಳಿಂದಲೂ ಸಾಧಿಸಿದ ವಿದ್ವಾಂಸನೀತ. ಇಚ್ಛಾಸ್ವಾತಂತ್ರ್ಯವನ್ನು ಕುರಿತು ಸುಮಾರು ೧೪೩೯ರಲ್ಲಿ ಬರೆದ ಸಂವಾದದಲ್ಲಿ ಅವನು ಒಂದು ಕಥೆಯನ್ನು ಹೆಣೆಯುತ್ತಾನೆ. ರೋಮಿನ ದುಷ್ಟ ರಾಜಕುಮಾರ ಸೆಕ್ಸ್‌ಟಸ್ ತಾರ್ಕ್ವಿನಿಯಸ್ ಅಪೊಲೊ ದೇವತೆಯ ಬಳಿ ಹೋಗಿ ತನ್ನ ಭವಿಷ್ಯವನ್ನು ಕೇಳುತ್ತಾನೆ. ಅವನು ದುರಾಚಾರಿಯಾಗಿ, ದೇಶಭ್ರಷ್ಟನಾಗಿ ಸಾಯುವನೆಂದು ಅಪೊಲೊ ಹೇಳುತ್ತಾನೆ. ಸೆಕ್ಸ್‌ಟಸ್ ಅಂಗಲಾಚಿದಾಗ, ತಾನು ಬಲ್ಲವನೇ ಹೊರತು ಮಾಡುವವನಲ್ಲ, ದೂರುವುದಿದ್ದರೆ ಸ್ವಭಾವಗಳನ್ನು ಹಂಚುವ ಜುಪಿಟರ್‌ನ ಬಳಿಗೆ ಹೋಗೆಂದು ಆ ದೇವತೆ ಕೈತೊಳೆದುಕೊಳ್ಳುತ್ತದೆ. ಕಥೆಯಲ್ಲಿ ಬಲ್ಲವನೊಬ್ಬ, ಮಾಡುವವನೊಬ್ಬ. ಕ್ರೈಸ್ತಧರ್ಮದಲ್ಲಿ ದೇವರು ಒಬ್ಬನೇ. ವಲ್ಲಾ ಮೊದಲ ದೇವತೆಯನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿ, ಎರಡನೆಯ ದೇವತೆಯ ವಿಚಾರಣೆಯನ್ನು ಮನುಷ್ಯಬುದ್ಧಿಗೆ ಮೀರಿದುದೆಂದು ನಿಲ್ಲಿಸಿಬಿಡುತ್ತಾನೆ. ೧೭೧೦ರಲ್ಲಿ ಲೈಬ್ನಿಟ್ಸ್ ತನ್ನ ‘ಥಿಯೊಡಿಸಿ’ಯ ಕೊನೆಯಲ್ಲಿ ಈ ಕಥೆಯನ್ನು ಮುಂದುವರಿಸಿದನು, ಆದರೆ ಮೂಲಕಥೆಯ ಚುರುಕು ಅದಕ್ಕಿಲ್ಲ.

ಈ ಭೇದವು ಕನ್ನಡ ಓದುಗರಿಗೆ ಅಪರಿಚಿತವೇನಲ್ಲ. ಮಹಾಭಾರತದ ಜನಪದ ಪರಂಪರೆಯಲ್ಲಿ ಸಹದೇವನು ಮುಂದಾಗುವುದೆಲ್ಲವನ್ನೂ ಬಲ್ಲವನು, ಕೇಳದೆ ಹೇಳದವನು. ಅವನು ಬಲ್ಲನೆಂಬ ಕಾರಣಕ್ಕೆ ಧರ್ಮರಾಯನು ಜೂಜಾಡಿದ ತಪ್ಪು ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ‘ಹಣೆಬರಹ’ವೆಂಬ ಮಾತಿನ ಹಿಂದಿರುವ ಚಿತ್ರವೇ ಬೇರೆ. ಅಲ್ಲಿ ಬರೆಯುವ ಕೈಯೊಂದಿದೆ. ಕ್ರೈಸ್ತ ಪೂರ್ವಜ್ಞಾನವನ್ನು ಹಣೆಬರಹವೆಂದು ಅರ್ಥಮಾಡಿಕೊಂಡರೆ ಸೆಲ್ಸಸ್‌ನ ಆಕ್ಷೇಪವನ್ನು ಅರಿಯದೆಯೇ ಒಪ್ಪಿಕೊಂಡಂತಾಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ದೇವರಿಗೆ ಪಕ್ಷಪಾತದ, ನಿರ್ದಯತೆಯ ದೋಷ ತಗಲುವುದಿಲ್ಲವೆಂದು ಬ್ರಹ್ಮಸೂತ್ರದ ಭಾಷ್ಯಕಾರರು ಸಾಧಿಸುವಾಗ ಜೀವರ ಅನಾದಿ ಕರ್ಮವನ್ನು ಮುಂದಿಡುತ್ತಾರೆ. ಮಧ್ವರ ಸಿದ್ಧಾಂತದಲ್ಲಿ ಜೀವರೂ ಅನಾದಿ, ಅವರ ಸ್ವಭಾವವೂ ಅನಾದಿ. ಸೆಕ್ಸ್‌ಟಸ್‌ನ ಸ್ವಭಾವವನ್ನು ಜುಪಿಟರ್ ಹೊಸದಾಗಿ ಮಾಡಿದ್ದೇ ಅಲ್ಲವೆಂದು ಅಲ್ಲಿ ಹೇಳುವ ಅವಕಾಶವಿದೆ. ಕ್ರೈಸ್ತರಿಗೆ ಈ ಆಸರೆಯಿಲ್ಲ. ಅವರ ದೇವರು ಶೂನ್ಯದಿಂದ ಸೃಷ್ಟಿಸುವವನು. ಪೇತ್ರನೂ ಯೂದನೂ ಆತನು ಇಲ್ಲದುದರಿಂದ ಇರುವಂತೆ ಮಾಡಿದವರು. ಪ್ರಶ್ನೆಯ ಮೊನೆಯು ಕ್ರೈಸ್ತಧರ್ಮದಲ್ಲಿ ಇಷ್ಟು ಚೂಪಾಗಿರುವುದಕ್ಕೆ ಈ ಸೃಷ್ಟಿಸಿದ್ಧಾಂತವೇ ಕಾರಣ.

ಯೂರೋಪಿನ ಧರ್ಮಸುಧಾರಣೆಯ ಕಾಲದಲ್ಲಿ ಈ ಮೊನೆಯನ್ನು ಹಿಡಿದೇ ಕಾದಾಟ ನಡೆಯಿತು. ಇಚ್ಛಾಸ್ವಾತಂತ್ರ್ಯದ ಪರವಾಗಿ ೧೫೨೪ರಲ್ಲಿ ಇರಾಸ್ಮಸ್ ಬರೆದ ಪುಸ್ತಕಕ್ಕೆ ಮರುವರ್ಷ ಲೂಥರ್ ಕೊಟ್ಟ ಉತ್ತರ ಕಠೋರವಾದುದು. ಅನಿವಾರ್ಯತೆ ಬೇರೆ, ಬಲಾತ್ಕಾರ ಬೇರೆ. ಯೂದನು ಮನಸಾರೆಯೇ ದ್ರೋಹವೆಸಗಿದನು, ಆದರೂ ಅದು ತಪ್ಪದೆ ನಡೆಯಬೇಕಾಗಿತ್ತು ಎಂದು ಅವನ ನಿಲುವು. ಕ್ಯಾಲ್ವಿನ್ ಇನ್ನೂ ನೇರ. ವಲ್ಲಾನ ಹೆಸರನ್ನೇ ಎತ್ತಿ, ದೇವರು ಮುಂದಾಗುವುದನ್ನು ಅರಿತಿರುವುದು ಹಾಗಾಗಲೆಂದು ಆತನೇ ನಿರ್ಣಯಿಸಿರುವುದರಿಂದ, ಆದಕಾರಣ ಬರಿಯ ಅರಿವಿನ ಬಗ್ಗೆ ವಾದಿಸುವುದು ನಿಷ್ಫಲವೆಂದು ಅವನು ಹೇಳುತ್ತಾನೆ. ಇಲ್ಲಿ ಪ್ರಾಮಾಣಿಕತೆಯಿದೆ. ಎರಡು ದೇವತೆಗಳ ಪರದೆಯನ್ನು ಕಿತ್ತೊಗೆದು ಒಬ್ಬನೇ ದೇವರನ್ನು ಎದುರಿಗೆ ನಿಲ್ಲಿಸುವ ಧೈರ್ಯವಿದೆ. ಆದರೆ ಅರಿವು ಘಟನೆಯಿಂದ ಹುಟ್ಟುತ್ತದೆಂಬ ಆರಿಜೆನ್‌ನ ಗಳಿಕೆಯನ್ನು ಕ್ಯಾಲ್ವಿನ್ ಒಂದೇ ಏಟಿಗೆ ಬಿಟ್ಟುಕೊಡುತ್ತಾನೆ. ಅವನ ವ್ಯವಸ್ಥೆಯಲ್ಲಿ ಪೇತ್ರನು ಅಳಬಲ್ಲ. ಆ ಕಣ್ಣೀರೂ ನಿರ್ಣಯದ ಒಂದು ಭಾಗವಷ್ಟೇ.

ಕಥೋಲಿಕ ಪಾಳೆಯದಲ್ಲಿ ಇದಕ್ಕೆ ಪ್ರತಿಯಾಗಿ ಬಂದ ಅತಿ ಸೂಕ್ಷ್ಮವಾದ ವಿಚಾರ ಸ್ಪೇನಿನ ಯೇಸುಸಭೆಯ ಪಾದ್ರಿ ಲೂಯಿಸ್ ದೆ ಮೊಲಿನಾನದು. ಅವನ ‘ಕನ್ಕಾರ್ಡಿಯಾ’ ೧೫೮೮ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಏನೇನು ಆಗಬಹುದೆಂಬ ಅರಿವು ಒಂದು; ಏನು ಆಗಲಿದೆಯೆಂಬ ಅರಿವು ಮತ್ತೊಂದು; ಇವೆರಡರ ನಡುವೆ, ಯಾವ ಸನ್ನಿವೇಶದಲ್ಲಿ ಯಾವ ವ್ಯಕ್ತಿ ಸ್ವತಂತ್ರವಾಗಿ ಏನು ಮಾಡುವನೆಂಬ ಮೂರನೆಯ ಅರಿವು ದೇವರಿಗಿದೆ ಎಂದು ಮೊಲಿನಾ ವಾದಿಸಿ ಅದನ್ನು ‘ಮಧ್ಯಮಜ್ಞಾನ’ವೆಂದು ಕರೆದನು. ಸಮುವೇಲನ ಮೊದಲನೆಯ ಗ್ರಂಥದ ಕೆಯೀಲಾ ಊರಿನ ಕಥೆ ಈ ಪಕ್ಷದವರಿಗೆ ಬಹು ಪ್ರಿಯವಾದುದು. ಆ ಊರಿನಲ್ಲಿ ಅಡಗಿದ್ದ ದಾವೀದನು, ಸೌಲನು ದಂಡೆತ್ತಿ ಬರುವನೇ, ಬಂದರೆ ಊರವರು ತನ್ನನ್ನು ಒಪ್ಪಿಸಿಬಿಡುವರೇ ಎಂದು ದೇವರನ್ನು ಕೇಳುತ್ತಾನೆ. ಎರಡಕ್ಕೂ ಹೌದೆಂಬ ಉತ್ತರ ಬರುತ್ತದೆ. ದಾವೀದನು ಊರು ಬಿಡುತ್ತಾನೆ. ಸೌಲನು ಬರುವುದೂ ಇಲ್ಲ, ಊರವರು ಒಪ್ಪಿಸುವುದೂ ಇಲ್ಲ. ನಡೆಯದೇ ಹೋದುದನ್ನೂ ದೇವರು ಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಡೊಮಿನಿಕನ್ ಪಂಥದ ಬಾನೆಜ್ ಮತ್ತು ಅವನ ಅನುಯಾಯಿಗಳು ಇದನ್ನು ಒಪ್ಪಲಿಲ್ಲ. ಎಂಟನೆಯ ಕ್ಲೆಮೆಂಟ್ ಪೋಪನ ಕಾಲದಲ್ಲಿ ರೋಮಿನಲ್ಲಿ ವಿಚಾರಣೆ ಆರಂಭವಾಗಿ ವರ್ಷಗಟ್ಟಲೆ ನಡೆಯಿತು. ಕಡೆಗೆ ೧೬೦೭ರಲ್ಲಿ ಐದನೆಯ ಪೌಲನು ಯಾರನ್ನೂ ಗೆಲ್ಲಿಸದೆ, ಯಾರೂ ಇನ್ನೊಬ್ಬರನ್ನು ಪಾಷಂಡಿಯೆನ್ನಬಾರದೆಂದು ವಿಧಿಸಿ ಸಭೆಯನ್ನು ಮುಗಿಸಿದನು. ವಿದ್ವತ್ಸಭೆಗಳ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ತೀರ್ಪು ಅಪರೂಪ.

ಮೊಲಿನಾನ ವಿಚಾರದಲ್ಲಿ ಒಂದು ಕೊರತೆಯಿದೆ. ಪೇತ್ರನು ಇನ್ನೂ ಹುಟ್ಟಿಯೇ ಇಲ್ಲ, ಅವನನ್ನು ಸೃಷ್ಟಿಸುವ ನಿರ್ಧಾರವೂ ಆಗಿಲ್ಲ. ಆಗಲೇ ಆ ಅಂಗಳದಲ್ಲಿ ಅವನು ಸುಳ್ಳಾಡುವನೆಂಬ ಮಾತನ್ನು ಸತ್ಯವಾಗಿಸುವುದು ಯಾವುದು? ಪೇತ್ರನಂತೂ ಅಲ್ಲ. ದೇವರೆನ್ನುವಂತೆಯೂ ಇಲ್ಲ. ಕೆಯೀಲಾದ ಕಥೆಯನ್ನೂ ಊರವರ ಆಗಿನ ಮನಸ್ಸನ್ನು ದೇವರು ಬಲ್ಲವನಾಗಿದ್ದನೆಂದು ಸರಳವಾಗಿಯೇ ಅರ್ಥೈಸಬಹುದು. ಅಲ್ಲದೆ ಸನ್ನಿವೇಶಗಳನ್ನು ಆಯ್ದು ಜೋಡಿಸುವ ದೇವರು ಚದುರಂಗದ ಚತುರ ಆಟಗಾರನಂತೆ ಕಂಡು, ಕಾಯಿಗಳ ಸ್ವಾತಂತ್ರ್ಯ ಎಷ್ಟು ಉಳಿಯಿತೆಂಬ ಸಂಶಯ ಏಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ೧೯೬೫ರ ನೆಲ್ಸನ್ ಪೈಕ್ ಅವರ ಪ್ರಬಂಧದಿಂದ ಈ ಚರ್ಚೆಗೆ ಮರುಜೀವ ಬಂದು, ಪ್ಲಾಂಟಿಂಗ ಮೊದಲಾದವರು ಆಕ್ಕಮ್‌ನನ್ನೂ ಮೊಲಿನಾನನ್ನೂ ಹೊಸ ತರ್ಕಪರಿಭಾಷೆಯಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಇದರಿಂದ ಬೇಸತ್ತ ಕೆಲವು ಅಮೆರಿಕನ್ ಚಿಂತಕರು ೧೯೯೪ರಲ್ಲಿ ಹೊರಬಂದ ‘ದೇವರ ಮುಕ್ತತೆ’ಯೆಂಬ ಕೃತಿಯಲ್ಲಿ ಸಿಸೆರೋನ ದಾರಿಗೆ ಹತ್ತಿರವಾದರು. ಸ್ವತಂತ್ರ ಕ್ರಿಯೆಗಳ ಮಟ್ಟಿಗೆ ನಾಳೆಯೆಂಬುದು ಇನ್ನೂ ಇಲ್ಲ, ಇಲ್ಲದುದನ್ನು ಅರಿಯದಿರುವುದು ಅಜ್ಞಾನವಲ್ಲವೆಂದು ಅವರ ಮತ. ಈ ಮತವು ತರ್ಕಕ್ಕೆ ಹಗುರ, ಕಥೆಗೆ ಭಾರ. ಪೇತ್ರನ ಸ್ವಭಾವವನ್ನು ಬಲ್ಲ ಗುರುವೊಬ್ಬನು ಅವನ ಹೇಡಿತನವನ್ನು ಊಹಿಸಬಹುದು; ಮೂರೇ ಸಲವೆಂಬುದನ್ನು, ಕೋಳಿಯ ಕೂಗನ್ನು ಊಹಿಸಲಾಗದು.

ಕಥೆಗೆ ಮರಳಿದರೆ ಅಲ್ಲಿ ಒಂದು ವಿಶೇಷ ಕಾಣುತ್ತದೆ. ಭವಿಷ್ಯವಾಣಿಯು ಪೇತ್ರನು ತಪ್ಪು ಮಾಡುವ ಕ್ಷಣದಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಅಂಗಳದಲ್ಲಿ ಅವನಿಗೆ ಅದು ನೆನಪೇ ಇರಲಿಲ್ಲ. ಭಯದಿಂದ, ಚಳಿಯಿಂದ, ತನ್ನ ನುಡಿಯ ಧಾಟಿಯಿಂದ ಸಿಕ್ಕಿಬಿದ್ದ ಗಾಬರಿಯಿಂದ ಅವನು ಸುಳ್ಳಾಡಿದನು. ಈ ಕಾರಣಗಳೆಲ್ಲ ಅವನವೇ. ಮಾತು ಕೆಲಸಮಾಡಿದ್ದು ಕೋಳಿ ಕೂಗಿದ ಮೇಲೆ, ನೆನಪಾಗಿ. ಅಗಸ್ಟೀನ್‌ನ ಹೋಲಿಕೆಗೆ ಇಲ್ಲಿ ಅವನೇ ನಿರೀಕ್ಷಿಸದ ಆಳ ಒದಗುತ್ತದೆ. ದೇವರ ಮುನ್ನರಿವು ನೆನಪಿನಂತಿದೆಯಷ್ಟೇ ಅಲ್ಲ, ಈ ಮನುಷ್ಯನ ಬಾಳಿನಲ್ಲಿ ಅದು ನೆನಪಾಗಿಯೇ ಬಂದಿತು. ವಿಧಿಯ ಮಾತು ಮನುಷ್ಯನನ್ನು ಕೃತ್ಯದ ಕಡೆಗೆ ನೂಕುತ್ತದೆ; ಈಡಿಪಸ್‌ನ ಕಥೆಯಲ್ಲಿ ಭವಿಷ್ಯವನ್ನು ತಪ್ಪಿಸಿಕೊಳ್ಳಲು ಮಾಡಿದ ಓಟವೇ ಅದನ್ನು ನಡೆಸಿಕೊಡುತ್ತದೆ. ಪೇತ್ರನಿಗೆ ನುಡಿದ ಮಾತು ಅವನನ್ನು ಕೃತ್ಯದಿಂದ ಈಚೆಗೆ ಎಳೆದು ತರುತ್ತದೆ. ಲೂಕನ ಸುವಾರ್ತೆಯಲ್ಲಿ ಆ ಮಾತಿಗೆ ಮೊದಲೇ ಇನ್ನೊಂದು ಮಾತಿದೆ: ಪೇತ್ರನ ನಂಬಿಕೆ ಕುಂದದಿರಲೆಂದು ತಾನು ಪ್ರಾರ್ಥಿಸಿರುವುದಾಗಿಯೂ, ತಿರುಗಿಕೊಂಡ ಮೇಲೆ ಅವನು ತನ್ನ ಸಹೋದರರಿಗೆ ಆಧಾರವಾಗಬೇಕೆಂದೂ ಯೇಸು ಹೇಳುತ್ತಾನೆ. ಎಲ್ಲವನ್ನೂ ಬಲ್ಲವನು ಪ್ರಾರ್ಥಿಸುತ್ತಾನೆ. ಸಿದ್ಧವಾದ ನಾಟಕದಲ್ಲಿ ಪ್ರಾರ್ಥನೆಗೆ ಎಡೆಯಿಲ್ಲ.

ಇದರ ಪಕ್ಕದಲ್ಲಿ ಯೂದನನ್ನು ನಿಲ್ಲಿಸದೆ ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ಅವನ ದ್ರೋಹವನ್ನೂ ಅದೇ ಭೋಜನದಲ್ಲಿ ಮುಂಚಿತವಾಗಿ ನುಡಿಯಲಾಯಿತು. ಮತ್ತಾಯನ ಪ್ರಕಾರ ಅವನೂ ಮರುಗಿದನು, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಎಸೆದನು, ಆಮೇಲೆ ನೇಣು ಹಾಕಿಕೊಂಡನು. ಅಂಥವನು ಹುಟ್ಟದೆ ಇದ್ದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತೆಂಬ ಅರ್ಥದ ಮಾತನ್ನು ಸುವಾರ್ತೆಯೇ ಹೇಳುತ್ತದೆ. ಹಾಗಿದ್ದರೂ ಅವನನ್ನು ಹುಟ್ಟಿಸಿದ್ದೇಕೆ? ಆರಿಜೆನ್‌ನ ತರ್ಕವಾಗಲಿ, ಬೊಯೆಥಿಯಸ್‌ನ ನಿತ್ಯತೆಯಾಗಲಿ, ಮೊಲಿನಾನ ಮಧ್ಯಮಜ್ಞಾನವಾಗಲಿ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಯೂದನು ಸ್ವತಂತ್ರನಾಗಿದ್ದನೆಂದು ಅವು ತೋರಿಸಬಲ್ಲವು. ಅವನ ಸೃಷ್ಟಿ ನ್ಯಾಯವಾಗಿತ್ತೆಂದು ತೋರಿಸಲಾರವು. ಇದು ಅರಿವಿನ ಪ್ರಶ್ನೆಯಲ್ಲ, ಪ್ರೀತಿಯ ಪ್ರಶ್ನೆ. ಸ್ವಾತಂತ್ರ್ಯವನ್ನು ಸಮರ್ಥಿಸಿದೊಡನೆ ದೇವರ ನ್ಯಾಯವೂ ಸ್ಥಾಪಿತವಾಯಿತೆಂದು ಬರೆಯುವ ಪಂಡಿತರು ವಲ್ಲಾನ ಅಪೊಲೊನಂತೆ ಕೈತೊಳೆದುಕೊಳ್ಳುತ್ತಾರೆ.

‘ಪೂರ್ವಜ್ಞಾನ’ವೆಂಬ ಅರ್ಥದ ‘ಪ್ರೊಗ್ನೋಸಿಸ್’ ಎಂಬ ಗ್ರೀಕ್ ನಾಮಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಸಲ ಬರುತ್ತದೆ. ಒಂದು, ಅಪೊಸ್ತಲರ ಕೃತ್ಯಗಳಲ್ಲಿ ಪಂಚಾಶತ್ತಮ ಹಬ್ಬದ ದಿನ ಪೇತ್ರನು ಮಾಡಿದ ಭಾಷಣದಲ್ಲಿ. ಇನ್ನೊಂದು, ಪೇತ್ರನ ಹೆಸರಿನಲ್ಲಿರುವ ಮೊದಲನೆಯ ಪತ್ರದ ಆರಂಭದಲ್ಲಿ. (ಪತ್ರದ ಕರ್ತೃತ್ವದ ಬಗ್ಗೆ ಆಧುನಿಕ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.) ತನ್ನ ಹೇಡಿತನವು ಮುಂಚಿತವಾಗಿ ತಿಳಿದಿತ್ತೆಂಬುದನ್ನು ಅನುಭವಿಸಿದವನ ಬಾಯಿಂದಲೇ ಈ ಪದ ಬಂದಿರುವುದು ಗಮನಾರ್ಹ. ಆ ಭಾಷಣದಲ್ಲಿ ಯೇಸುವಿನ ಮರಣವು ದೇವರ ಸಂಕಲ್ಪಕ್ಕೂ ಪೂರ್ವಜ್ಞಾನಕ್ಕೂ ಅನುಸಾರವಾಗಿತ್ತೆಂದೂ, ಕೊಂದವರು ಅದಕ್ಕೆ ಹೊಣೆಗಾರರೆಂದೂ ಅವನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತಾನೆ. ಎರಡರ ನಡುವೆ ಸೇತುವೆ ಕಟ್ಟುವ ಗೋಜಿಗೆ ಹೋಗುವುದಿಲ್ಲ. ತನ್ನ ದೋಷವನ್ನು ಮುನ್ನರಿವಿನ ಮೇಲೆ ಹೊರಿಸುವ ಅವಕಾಶ ಅವನಿಗೆ ಎಲ್ಲರಿಗಿಂತ ಹೆಚ್ಚಾಗಿತ್ತು. ಅವನು ಅದನ್ನು ಬಳಸಿಕೊಂಡಂತೆ ಯಾವ ಸುವಾರ್ತೆಯೂ ಹೇಳುವುದಿಲ್ಲ.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ, ಸರೋವರದ ದಡದಲ್ಲಿ, ಬೆಳಗಿನ ಹೊತ್ತು, ಕೆಂಡದ ಬೆಂಕಿಯ ಹತ್ತಿರ ಪೇತ್ರನಿಗೂ ಯೇಸುವಿಗೂ ಮತ್ತೆ ಮಾತು ನಡೆಯುತ್ತದೆ. ಕೆಂಡದ ಬೆಂಕಿಗೆ ಬಳಸಿದ ಗ್ರೀಕ್ ಪದವು ಮಹಾಯಾಜಕನ ಅಂಗಳದ ಬೆಂಕಿಗೆ ಬಳಸಿದ ಪದವೇ. ತನ್ನನ್ನು ಪ್ರೀತಿಸುವೆಯಾ ಎಂದು ಯೇಸು ಮೂರು ಸಲ ಕೇಳುತ್ತಾನೆ. ಮೂರನೆಯ ಸಲ ಪೇತ್ರನಿಗೆ ಮನಸ್ಸು ನೋಯುತ್ತದೆ. ಕಡೆಯ ಭೋಜನದಲ್ಲಿ ತನ್ನನ್ನು ತಾನೇ ಬಲ್ಲೆನೆಂದು ಹೇಳಿಕೊಂಡಿದ್ದವನು ಈಗ, ಪ್ರಭುವಿಗೆ ಎಲ್ಲವೂ ತಿಳಿದಿದೆ, ತನ್ನ ಪ್ರೀತಿಯೂ ತಿಳಿದಿದೆಯೆಂದು ಆ ಸರ್ವಜ್ಞತೆಯನ್ನೇ ಸಾಕ್ಷಿಗೆ ಕರೆಯುತ್ತಾನೆ. ಒಂದು ಕಾಲಕ್ಕೆ ಅವನನ್ನು ಅಳಿಸಿದ ಅರಿವೇ ಈಗ ಅವನ ಆಸರೆ. ಕೂಡಲೇ ಇನ್ನೊಂದು ಭವಿಷ್ಯವಾಣಿ ಬರುತ್ತದೆ. ಮುದಿತನದಲ್ಲಿ ಅವನು ಎಂಥ ಮರಣವನ್ನು ಹೊಂದುವನೆಂಬ ಸೂಚನೆ ಅದರಲ್ಲಿದೆ. ಅದರ ಬೆನ್ನಿಗೇ, ತನ್ನನ್ನು ಹಿಂಬಾಲಿಸೆಂಬ ಅಪ್ಪಣೆ. ಪೇತ್ರನು ಹಿಂದಿರುಗಿ ನೋಡಿ ಇನ್ನೊಬ್ಬ ಶಿಷ್ಯನ ಗತಿಯೇನೆಂದು ಕೇಳುತ್ತಾನೆ. ಅದು ಅವನಿಗೆ ಸೇರಿದ್ದಲ್ಲವೆಂದು ಹೇಳಿ, ಯೇಸು ಅದೇ ಅಪ್ಪಣೆಯನ್ನು ಎರಡನೆಯ ಸಲ ಕೊಡುತ್ತಾನೆ.